ಎರಡು ಸುತ್ತಿಗೊಂದು ಸುತ್ತು: ಹಳೆಯ ಕಾರಿನ ಟೈಮಿಂಗ್ ಚೈನ್ ಬದಲಿಸುವ ಹೊತ್ತು

ಜಮಖಂಡಿಯ ಸಾರಿಗೆ ಕಚೇರಿಯ ಕೆಎ-48 ಸಂಖ್ಯೆಯನ್ನು ಹೊತ್ತು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಡುವೆ ಓಡಾಡುವ ಕಾರುಗಳಲ್ಲಿ ಹತ್ತು ಹನ್ನೆರಡು ವರ್ಷ ದಾಟಿದವು ಅಪರೂಪವಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿದ್ದು, ಆಮೇಲೂ ತಪಾಸಣೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಲು ಅವಕಾಶವಿರುವುದರಿಂದ, ಒಮ್ಮೆ ಮನೆಯಂಗಳಕ್ಕೆ ಬಂದ ಕಾರನ್ನು ಸಾಧ್ಯವಾದಷ್ಟು ಕಾಲ ಉಳಿಸಿಕೊಳ್ಳುವುದು ಈ ಸೀಮೆಯ ರೈತ, ನೇಕಾರ, ವ್ಯಾಪಾರಿ ಕುಟುಂಬಗಳಿಗೆ ಸಹಜವಾದ ಲೆಕ್ಕಾಚಾರ. ಹೀಗೆ ಉಳಿದುಕೊಂಡ ಕಾರುಗಳ ಮಾಲೀಕರು ಒಂದಲ್ಲ ಒಂದು ದಿನ ಗ್ಯಾರೇಜಿನಲ್ಲಿ ಕೇಳಬೇಕಾಗುವ ಮಾತು ‘ಟೈಮಿಂಗ್ ಚೈನ್ ಸಪ್ಪಳ ಬರಾಕತ್ತೈತಿ’ ಎಂಬುದು. ಆ ಮಾತು ಕಿವಿಗೆ ಬಿದ್ದೊಡನೆ ಎರಡು ಬಗೆಯ ತಪ್ಪುಗಳು ನಡೆಯುತ್ತವೆ: ಕೆಲವರು ಹೆದರಿ, ಇನ್ನೂ ಬಹುಕಾಲ ಬಾಳಬಹುದಾದ ಚೈನನ್ನು ಬಿಚ್ಚಿಸುತ್ತಾರೆ, ಹಲವರು ‘ಈ ಹಂಗಾಮು ಮುಗೀಲಿ’ ಎಂದು ಮುಂದೂಡುತ್ತ ಹೋಗಿ, ಕೊನೆಗೆ ಎಂಜಿನ್ನನ್ನೇ ಕಳೆದುಕೊಳ್ಳುತ್ತಾರೆ. ಇವೆರಡರ ನಡುವೆ ಸರಿಯಾದ ಹೊತ್ತನ್ನು ಗುರುತಿಸಬೇಕಾದರೆ ಚೈನ್ ಮಾಡುವ ಕೆಲಸವೇನು, ಅದು ಸವೆಯುವ ಬಗೆ ಹೇಗೆ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಈ ತಿಳಿವಿಗೆ ರಬಕವಿ-ಬನಹಟ್ಟಿಯ ಓದುಗರು ದೂರ ಹೋಗಬೇಕಾಗಿಲ್ಲ. ಆ ಜೋಡಿ ಊರಿನ ಓಣಿ ಓಣಿಗಳಲ್ಲಿ ಸದ್ದು ಮಾಡುವ ಲಾಳಿಯ ವಿದ್ಯುತ್ ಮಗ್ಗದಲ್ಲಿಯೇ ಕಾರಿನ ಎಂಜಿನ್ನಿನ ವ್ಯಾಕರಣವಿದೆ. ಮಗ್ಗದ ಮೇಲ್ಭಾಗದಲ್ಲಿ ತಿರುಗುವ ಕ್ರ್ಯಾಂಕ್ ಶಾಫ್ಟ್, ಅಂದರೆ ನಡುವೆ ಮೊಣಕೈಯಂತೆ ಬಾಗಿರುವ ಉಕ್ಕಿನ ದಂಡ, ಒಂದು ಸುತ್ತು ತಿರುಗಿದಾಗ ಫಣಿಗೆ ಒಮ್ಮೆ ಮುಂದೆ ಬಂದು ಹೊಕ್ಕಿನ ಎಳೆಯನ್ನು ಬಟ್ಟೆಗೆ ಒತ್ತುತ್ತದೆ. ಅದೇ ಮಗ್ಗದ ಕೆಳಭಾಗದಲ್ಲಿ ಇನ್ನೊಂದು ದಂಡವಿದ್ದು, ಹಲ್ಲುಚಕ್ರಗಳ ಮೂಲಕ ಮೇಲಿನ ದಂಡಕ್ಕೆ ಬೆಸೆದುಕೊಂಡು, ಮೇಲಿನದು ಎರಡು ಸುತ್ತು ತಿರುಗಿದಾಗ ತಾನು ಒಂದೇ ಸುತ್ತು ತಿರುಗುತ್ತದೆ. ಆ ಕೆಳದಂಡದ ಮೇಲೆ ಕೂತಿರುವ ಉಬ್ಬುತುಣುಕುಗಳಾದ ಟ್ಯಾಪೆಟ್‌ಗಳು ಹಾಸಿನ ಎಳೆಗಳನ್ನು ಮೇಲೆ ಕೆಳಗೆ ಬಿಡಿಸಿ ದಾರಿ ತೆರೆಯುವುದು, ಲಾಳಿಯನ್ನು ಆ ದಾರಿಯಲ್ಲಿ ಹೊಡೆದು ಕಳಿಸುವುದು ಇತ್ಯಾದಿ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಮಾಡಿಸುತ್ತವೆ. ಈ ಎರಡು ದಂಡಗಳ ಹೊಂದಾಣಿಕೆ ತಪ್ಪಿದರೆ ಲಾಳಿ ಇನ್ನೂ ಹಾಸಿನ ನಡುವೆ ಇರುವಾಗಲೇ ಎಳೆಗಳು ಮುಚ್ಚಿಕೊಳ್ಳುತ್ತವೆ, ಫಣಿಗೆ ಬಂದು ಬಡಿಯುತ್ತದೆ, ನೂರಾರು ಎಳೆಗಳು ಒಂದೇ ಏಟಿಗೆ ಹರಿಯುತ್ತವೆ. ಮಗ್ಗದವರು ‘ಟೈಮಿಂಗ್’ ಎಂದು ಕರೆಯುವುದು ಈ ಹೊಂದಾಣಿಕೆಯನ್ನೇ.

ಕಾರಿನ ಎಂಜಿನ್ನಿನಲ್ಲಿ ಲೆಕ್ಕವೂ ಅದೇ, ಅನುಪಾತವೂ ಅದೇ. ಪಿಸ್ಟನ್‌ಗಳು ಮೇಲೆ ಕೆಳಗೆ ಚಲಿಸಿ ಕ್ರ್ಯಾಂಕ್ ಶಾಫ್ಟನ್ನು ತಿರುಗಿಸುತ್ತವೆ. ಗಾಳಿಯನ್ನು ಒಳಗೆ ಸೆಳೆಯುವುದು, ಅದನ್ನು ಒತ್ತುವುದು, ಇಂಧನ ಉರಿದು ತಳ್ಳುವುದು, ಸುಟ್ಟ ಹೊಗೆಯನ್ನು ಹೊರದೂಡುವುದು ಎಂಬ ನಾಲ್ಕು ಹೆಜ್ಜೆಗಳು ಮುಗಿಯಲು ಆ ದಂಡ ಎರಡು ಸುತ್ತು ತಿರುಗಬೇಕು. ಗಾಳಿ ಬರುವ ಮತ್ತು ಹೊಗೆ ಹೋಗುವ ಬಾಗಿಲುಗಳಾದ ವಾಲ್ವ್‌ಗಳು ಈ ಎರಡು ಸುತ್ತಿನಲ್ಲಿ ತಲಾ ಒಮ್ಮೆ ಮಾತ್ರ ತೆರೆಯಬೇಕಾದುದರಿಂದ, ಅವನ್ನು ತೆರೆಯುವ ಕ್ಯಾಮ್ ಶಾಫ್ಟ್, ಎಂದರೆ ಮೊಟ್ಟೆಯಾಕಾರದ ಉಬ್ಬುಗಳಿರುವ ಮೇಲಿನ ದಂಡ, ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚಿರುತ್ತದೆ, ಮತ್ತು ಪ್ರತಿ ಸಲವೂ ಅದು ಪಿಸ್ಟನ್ ಮೇಲೇರುವ ಮುನ್ನ ಜಾಗ ಬಿಟ್ಟುಕೊಟ್ಟಿರಬೇಕಾಗುತ್ತದೆ. ಕೆಳಗಿನ ದಂಡವನ್ನೂ ಮೇಲಿನ ದಂಡವನ್ನೂ ಬೆಸೆದು ಈ ಶಿಸ್ತನ್ನು ಕಾಯುವ ಉಕ್ಕಿನ ಸರಪಳಿಯೇ ಟೈಮಿಂಗ್ ಚೈನ್. ಅದನ್ನು ಬಿಗಿಯಾಗಿಡಲು ಎಣ್ಣೆಯ ಒತ್ತಡದಿಂದ ಹೊರಚಾಚುವ ಕಡ್ಡಿಯಿರುವ ಒಂದು ಚಿಕ್ಕ ಸಾಧನ ಇರುತ್ತದೆ, ಅದಕ್ಕೆ ಟೆನ್ಷನರ್ ಎನ್ನುತ್ತಾರೆ. ಚೈನ್ ಅತ್ತಿತ್ತ ಹೊಯ್ದಾಡದಂತೆ ಎರಡೂ ಬದಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿಗಳಿರುತ್ತವೆ, ಅವಕ್ಕೆ ಗೈಡ್ ಎಂದು ಹೆಸರು.

ಇನ್ನು ‘ಚೈನ್ ಹಿಗ್ಗಿದೆ’ ಎಂಬ ಮಾತು. ಉಕ್ಕು ರಬ್ಬರಿನಂತೆ ಎಳೆದುಕೊಂಡು ಉದ್ದವಾಗುವುದಿಲ್ಲ, ಉದ್ದವಾಗುವುದು ಸವಕಳಿಯಿಂದ. ಪ್ರತಿಯೊಂದು ಕೊಂಡಿಯಲ್ಲಿಯೂ ಒಂದು ಪಿನ್ ಇದ್ದು ಅದು ತನ್ನ ಬುಷ್‌ನೊಳಗೆ, ಅಂದರೆ ತೋಳುಗೊಳವೆಯೊಳಗೆ, ಚೈನ್ ಚಕ್ರವನ್ನು ಏರಿ ಇಳಿಯುವಾಗಲೆಲ್ಲ ಸ್ವಲ್ಪ ತಿರುಗುತ್ತದೆ. ಸುಮಾರು ಒಂದು ಮೀಟರ್ ಉದ್ದದ, 8 ಮಿ.ಮೀ. ಅಂತರದ 126 ಕೊಂಡಿಗಳ ಚೈನನ್ನು ಉದಾಹರಣೆಗೆ ತೆಗೆದುಕೊಂಡರೆ, ಪ್ರತಿ ಕೊಂಡಿಯಲ್ಲಿ 0.04 ಮಿ.ಮೀ., ಎಂದರೆ ಒಂದು ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ ಸವೆದರೆ ಸಾಕು, ಇಡೀ ಚೈನ್ 5 ಮಿ.ಮೀ. ಉದ್ದವಾಗಿರುತ್ತದೆ. ಆ ಹೆಚ್ಚಿದ ಉದ್ದದಲ್ಲಿ 2 ಮಿ.ಮೀ. ಎರಡು ದಂಡಗಳ ನಡುವಿನ ಎಳೆಯುವ ಬದಿಯಲ್ಲಿದೆ ಎಂದುಕೊಂಡರೆ, 36 ಹಲ್ಲುಗಳ ಮೇಲಿನ ಚಕ್ರ ಎರಡೂವರೆ ಡಿಗ್ರಿಯಷ್ಟು ಹಿಂದೆ ಬೀಳುತ್ತದೆ, ಕ್ರ್ಯಾಂಕಿನ ಲೆಕ್ಕದಲ್ಲಿ ಅದು ಐದು ಡಿಗ್ರಿ. ಇಷ್ಟಕ್ಕೆ ಕಾರು ನಿಲ್ಲುವುದಿಲ್ಲ. ಎಳೆತ ತುಸು ಮಂಕಾಗುತ್ತದೆ, ಇಂಧನ ತುಸು ಹೆಚ್ಚು ಖರ್ಚಾಗುತ್ತದೆ, ಮಾಲೀಕನಿಗೆ ಗೊತ್ತೇ ಆಗುವುದಿಲ್ಲ. ಆದರೆ ಚೈನ್ ಒಮ್ಮೆ ಹಲ್ಲು ಜಿಗಿದರೆ ಸ್ಥಿತಿ ಬೇರೆ: ಕೆಳಚಕ್ರದಲ್ಲಿ 18 ಹಲ್ಲುಗಳಿದ್ದರೆ ಒಂದು ಹಲ್ಲೆಂದರೆ 20 ಡಿಗ್ರಿ, ಎರಡು ಹಲ್ಲೆಂದರೆ 40 ಡಿಗ್ರಿ. ಆ ಹಂತದಲ್ಲಿ ವಾಲ್ವ್ ಇನ್ನೂ ಕೆಳಗಿರುವಾಗಲೇ ಪಿಸ್ಟನ್ ಮೇಲೆ ಬಂದು ಬಡಿಯುತ್ತದೆ, ವಾಲ್ವ್‌ಗಳು ಬಾಗುತ್ತವೆ, ಅವನ್ನು ಒತ್ತುವ ರಾಕರ್ ತೋಳುಗಳು ಮುರಿಯುತ್ತವೆ, ಪಿಸ್ಟನ್ನಿನ ತಲೆಯಲ್ಲಿ ಗುಳಿ ಬೀಳುತ್ತದೆ. ಮಗ್ಗದಲ್ಲಿ ಹರಿದ ಎಳೆಗಳನ್ನು ಕೂತು ಕೆಚ್ಚಬಹುದು. ಎಂಜಿನ್ನಿನಲ್ಲಿ ಆ ಅವಕಾಶವಿಲ್ಲ, ವಾಲ್ವ್‌ಗಳನ್ನು ಹೊತ್ತ ಮೇಲ್ಭಾಗವಾದ ಹೆಡ್ ಬಿಚ್ಚಿ ಹೊಸ ಭಾಗ ಹಾಕುವುದೊಂದೇ ದಾರಿ.

ಎಲ್ಲ ಕಾರುಗಳಲ್ಲಿಯೂ ಚೈನ್ ಇರುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಬಹಳಷ್ಟು ಗೊಂದಲ ಹುಟ್ಟುವುದು ಇಲ್ಲಿಂದಲೇ. ಇಂದಿನ ರೂಪದ ಬುಷ್-ರೋಲರ್ ಚೈನಿಗೆ ಸ್ವಿಟ್ಜರ್ಲೆಂಡ್ ಮೂಲದ ಹಾನ್ಸ್ ರೆನಾಲ್ಡ್ 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಪೇಟೆಂಟ್ ಪಡೆದನು. ಮ್ಯಾಂಚೆಸ್ಟರ್ ಅರಿವೆಯ ಗಿರಣಿಗಳ ಊರು ಎಂಬುದು ನೇಕಾರರ ಸೀಮೆಯ ಓದುಗರಿಗೆ ಅರ್ಥಪೂರ್ಣವೆನಿಸಬಹುದು. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಚೈನ್ ಇತ್ತು. 1983ರಲ್ಲಿ ಬಂದ ಮಾರುತಿ 800 ಹಲ್ಲುಗಳಿರುವ ರಬ್ಬರ್ ಬೆಲ್ಟನ್ನು ತಂದಿತು. ಹಳೆಯ ಟಾಟಾ ಇಂಡಿಕಾ ಡೀಸೆಲ್, ಮೊದಲ ತಲೆಮಾರಿನ ಟೊಯೋಟಾ ಇನ್ನೋವಾ ಡೀಸೆಲ್, ರೆನೋ ಡಸ್ಟರ್ ಡೀಸೆಲ್ ಇವುಗಳಲ್ಲಿಯೂ ಬೆಲ್ಟೇ ಇದೆ. ಬಳಿಕ ಕಾಲಚಕ್ರ ಹಿಂದಿರುಗಿ ಮಾರುತಿಯ ಕೆ-ಸರಣಿಯ ಪೆಟ್ರೋಲ್ ಎಂಜಿನ್‌ಗಳು, ಹ್ಯುಂಡೈನ ಕಪ್ಪಾ ಪೆಟ್ರೋಲ್ ಎಂಜಿನ್‌ಗಳು, ಮತ್ತು ಫಿಯೆಟ್ ವಿನ್ಯಾಸದ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ ಚೈನನ್ನು ಮರಳಿ ತಂದವು. ಈ ಕೊನೆಯದು 2007ರಿಂದ 2020ರವರೆಗೆ ಮಾರುತಿಯ ಸ್ವಿಫ್ಟ್, ಡಿಜೈರ್, ಎರ್ಟಿಗಾ ಮೊದಲಾದವುಗಳಲ್ಲಿ, ಹಾಗೆಯೇ ಟಾಟಾ ವಿಸ್ಟಾ, ಮಾಂಜಾ ಕಾರುಗಳಲ್ಲಿ ಬೇರೆ ಬೇರೆ ಹೆಸರಿನಿಂದ ಬಂದು, ‘ಭಾರತದ ರಾಷ್ಟ್ರೀಯ ಎಂಜಿನ್’ ಎಂಬ ಅಡ್ಡಹೆಸರನ್ನೇ ಪಡೆದಿದೆ. ಇಂದು ಹಳತಾಗಿ ಗ್ಯಾರೇಜಿಗೆ ಬರುತ್ತಿರುವ ಡೀಸೆಲ್ ಕಾರುಗಳಲ್ಲಿ ಇದರ ಸಂಖ್ಯೆ ದೊಡ್ಡದು. ಒಂದೂವರೆ ಲಕ್ಷ ಕಿ.ಮೀ. ಸಮೀಪಿಸಿದ ಈ ಎಂಜಿನ್ನಿನ ಚೈನಿನ ಕಡೆಗೆ ಅನುಭವಿ ಮೆಕ್ಯಾನಿಕ್‌ಗಳು ತಪ್ಪದೆ ಕಿವಿಗೊಡುತ್ತಾರೆ.

ಬೆಲ್ಟಿಗೂ ಚೈನಿಗೂ ಇರುವ ವ್ಯತ್ಯಾಸ ನಿರ್ಧಾರದ ವಿಷಯದಲ್ಲಿ ಬಹು ಮುಖ್ಯ. ರಬ್ಬರಿಗೆ ಆಯುಷ್ಯವಿದೆ, ಅದು ಸುಳಿವು ಕೊಡದೆ ಹರಿಯುತ್ತದೆ, ಆದ್ದರಿಂದ ತಯಾರಕರು ಇಂತಿಷ್ಟು ಕಿ.ಮೀ. ಅಥವಾ ಇಂತಿಷ್ಟು ವರ್ಷಕ್ಕೆ ಬದಲಿಸಲೇಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತಾರೆ ಮತ್ತು ಅದನ್ನು ಮೀರುವುದು ಜೂಜು. ಚೈನಿನ ವಿಷಯದಲ್ಲಿ ಹೆಚ್ಚಿನ ಕೈಪಿಡಿಗಳು ಅಂಥ ಗಡುವನ್ನು ಹೇಳುವುದಿಲ್ಲ. ಅದು ಎಂಜಿನ್ನಿನ ಜೀವಮಾನದುದ್ದಕ್ಕೂ ಬಾಳುತ್ತದೆ ಎಂಬ ಎಣಿಕೆ ಅವುಗಳ ಹಿಂದಿರುತ್ತದೆ. ಆ ‘ಜೀವಮಾನ’ ಎಷ್ಟು ಉದ್ದದ್ದು ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಎಣ್ಣೆಯನ್ನು ತಪ್ಪದೆ ಬದಲಿಸಿದ ಕಾರಿನಲ್ಲಿ ಮೂಲ ಚೈನ್ ಎರಡೂವರೆ ಲಕ್ಷ ಕಿ.ಮೀ. ಬಾಳುವುದುಂಟು, ಅಲಕ್ಷ್ಯಕ್ಕೆ ಒಳಗಾದ ಕಾರಿನಲ್ಲಿ 80 ಸಾವಿರಕ್ಕೇ ಸೋಲುವುದುಂಟು. ಹಾಗಾಗಿ ಇಂತಿಷ್ಟು ಓಡಿದೆ ಎಂಬ ಒಂದೇ ಕಾರಣಕ್ಕೆ ಸದ್ದಿಲ್ಲದ ಚೈನನ್ನು ಬದಲಿಸುವುದು ಹಣದ ಪೋಲು. ಕೈಪಿಡಿಯಲ್ಲಿ ಬರೆದಿಲ್ಲ ಎಂಬ ಕಾರಣಕ್ಕೆ ಸದ್ದು ಮಾಡುತ್ತಿರುವ ಚೈನನ್ನು ಬಿಟ್ಟುಬಿಡುವುದು ಅದಕ್ಕಿಂತ ದೊಡ್ಡ ಪೋಲು.

ಕಿಲೋಮೀಟರ್ ಲೆಕ್ಕ ಈ ನಾಲ್ಕು ತಾಲ್ಲೂಕುಗಳಲ್ಲಿ ಇನ್ನಷ್ಟು ಮೋಸಗೊಳಿಸುತ್ತದೆ, ಮತ್ತು ಅದಕ್ಕೆ ಕಾರಣ ಕಬ್ಬು. ಕೃಷ್ಣಾ, ಘಟಪ್ರಭಾ ನದಿಗಳ ನೀರಿನಿಂದ ಬೆಳೆದ ಕಬ್ಬು ಅಕ್ಟೋಬರ್-ನವೆಂಬರ್‌ನಿಂದ ಮುಂದಿನ ನಾಲ್ಕೈದು ತಿಂಗಳು ಸಮೀರವಾಡಿ, ಉತ್ತೂರು, ಸಿದ್ದಾಪುರ, ಬಾಡಗಂಡಿಗಳ ಕಾರ್ಖಾನೆಗಳತ್ತ ಹರಿಯುತ್ತದೆ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಸಾಲುಗಟ್ಟಿ ಸಾಗುವಾಗ ಹಿಂದಿನ ಕಾರುಗಳು ಮೈಲುಗಟ್ಟಲೆ ಎರಡನೆಯ ಗೇರಿನಲ್ಲಿಯೇ ತೆವಳಬೇಕಾಗುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ, ನಿಮಿಷಕ್ಕೆ 2,200 ಸುತ್ತಿನಲ್ಲಿ ಹೋಗುವ ಎಂಜಿನ್ ಒಂದು ಕಿ.ಮೀ.ಗೆ 1,650 ಸುತ್ತು ತಿರುಗುತ್ತದೆ. ಅದೇ ಎಂಜಿನ್ ಟ್ರ್ಯಾಕ್ಟರಿನ ಹಿಂದೆ ಗಂಟೆಗೆ 20 ಕಿ.ಮೀ. ವೇಗದಲ್ಲಿ, 1,800 ಸುತ್ತಿನಲ್ಲಿ ಹೋದರೆ ಅದೇ ಒಂದು ಕಿ.ಮೀ.ಗೆ 5,400 ಸುತ್ತು ತಿರುಗುತ್ತದೆ. ಮೀಟರಿನಲ್ಲಿ ಒಂದೇ ಅಂಕಿ, ಚೈನಿನ ಮೇಲೆ ಮೂರು ಪಟ್ಟಿಗೂ ಮಿಕ್ಕ ಸವಕಳಿ. ಇದರ ಜೊತೆಗೆ ಎರೆ ಹೊಲಗಳ ದಾರಿಯ ಧೂಳು, ಕಬ್ಬಿನ ರವದಿ ಸುಡುವಾಗ ಹಾರುವ ಬೂದಿ, ಅಂಗಡಿಯಿಂದ ಮನೆಗೆ, ಮನೆಯಿಂದ ತೋಟಕ್ಕೆ ಎಂಬಂಥ ಎಂಜಿನ್ ಕಾವೇರುವ ಮೊದಲೇ ಮುಗಿಯುವ ಚಿಕ್ಕ ಓಡಾಟಗಳು ಸೇರಿಕೊಳ್ಳುತ್ತವೆ. ಇವೆಲ್ಲವೂ ಎಂಜಿನ್ ಎಣ್ಣೆಯನ್ನು ಬೇಗ ಕೆಡಿಸುತ್ತವೆ.

ಚೈನಿನ ಆಯುಷ್ಯದ ಗುಟ್ಟೆಲ್ಲ ಇರುವುದು ಆ ಎಣ್ಣೆಯಲ್ಲಿಯೇ. ಪಿನ್ನಿಗೂ ಬುಷ್‌ಗೂ ನಡುವೆ ಎಣ್ಣೆಯ ತೆಳುಪದರ ಇರುವವರೆಗೆ ಉಕ್ಕು ಉಕ್ಕನ್ನು ತಾಗುವುದಿಲ್ಲ. ಎಣ್ಣೆ ಹಳತಾಗಿ ಮಸಿ ತುಂಬಿಕೊಂಡಾಗ, ವಿಶೇಷವಾಗಿ ಡೀಸೆಲ್ ಎಂಜಿನ್ನಿನಲ್ಲಿ, ಆ ಮಸಿಯ ಕಣಗಳೇ ಮರಳುಕಾಗದದಂತೆ ಕೊಂಡಿಗಳನ್ನು ಉಜ್ಜುತ್ತವೆ. ಟೆನ್ಷನರ್ ಕೂಡ ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುವುದರಿಂದ, ಎಣ್ಣೆಯ ಮಟ್ಟ ಕೆಳಗಿಳಿದರೆ ಅಥವಾ ಅದರ ಸಣ್ಣ ರಂಧ್ರ ಗಸಿಯಿಂದ ಕಟ್ಟಿಕೊಂಡರೆ ಚೈನ್ ಸಡಿಲವಾಗಿ ಬಡಿದಾಡುತ್ತದೆ. ಹಳೆಯ ಎಂಜಿನ್‌ಗಳು ಎಣ್ಣೆಯನ್ನು ತುಸು ಕುಡಿಯುವುದು ಸಾಮಾನ್ಯ. ಆದರೂ ವಾರಕ್ಕೊಮ್ಮೆ ಅಳತೆಕಡ್ಡಿ ಎಳೆದು ನೋಡುವ ರೂಢಿ, ಟ್ರ್ಯಾಕ್ಟರ್ ಇರುವ ಮನೆಗಳಲ್ಲಿಯೂ, ಕಾರಿನ ಮಟ್ಟಿಗೆ ಮರೆಯಾಗಿರುವುದು ವಿಷಾದದ ಸಂಗತಿ. ಕೈಪಿಡಿಯಲ್ಲಿ 10 ಸಾವಿರ ಕಿ.ಮೀ. ಅಥವಾ ಒಂದು ವರ್ಷ ಎಂದು ಬರೆದಿದ್ದರೂ ಅದೇ ಕೈಪಿಡಿಗಳು ಧೂಳು, ಚಿಕ್ಕ ಓಡಾಟ, ನಿಧಾನ ಸಂಚಾರಗಳನ್ನು ಕಠಿಣ ಬಳಕೆಯೆಂದು ಕರೆದು ಅದಕ್ಕೂ ಮೊದಲೇ ಎಣ್ಣೆ ಬದಲಿಸಲು ಹೇಳುತ್ತವೆ. ಈ ಸೀಮೆಯ ಬಳಕೆ ಆ ವಿವರಣೆಗೆ ಅಕ್ಷರಶಃ ಹೊಂದುತ್ತದೆ.

ಹಾಗಾದರೆ ಚೈನ್ ತನ್ನ ಸ್ಥಿತಿಯನ್ನು ಹೇಗೆ ತಿಳಿಸುತ್ತದೆ? ಮೊದಲ ಸುಳಿವು ಬೆಳಗಿನ ಸಪ್ಪಳ. ರಾತ್ರಿಯೆಲ್ಲ ನಿಂತ ಕಾರನ್ನು ಚಾಲೂ ಮಾಡಿದ ಕೂಡಲೆ ಎಂಜಿನ್ನಿನ ಒಂದು ಪಕ್ಕದಿಂದ, ಡಬ್ಬಿಯಲ್ಲಿ ಗುಂಡು ಕುಲುಕಿದಂತೆ, ಒಂದೆರಡು ಸೆಕೆಂಡು ಕರಕರ ಸದ್ದು ಬಂದು ನಿಲ್ಲುತ್ತದೆ. ಹೀರೋ ಸ್ಪ್ಲೆಂಡರ್ ಬೈಕ್ ಹಳತಾದಾಗ ಬರುವ ಟೈಮಿಂಗ್ ಚೈನಿನ ಸದ್ದು ಈ ಭಾಗದ ಯಾವ ಹಳ್ಳಿಗೂ ಹೊಸದಲ್ಲ. ಕಾರಿನದೂ ಅದರ ಅಣ್ಣನೇ. ರಾತ್ರಿಯಲ್ಲಿ ಟೆನ್ಷನರಿನ ಎಣ್ಣೆ ಕೆಳಗಿಳಿದು, ಪಂಪು ಮತ್ತೆ ಒತ್ತಡ ಕೊಡುವವರೆಗೆ ಚೈನ್ ಸಡಿಲವಾಗಿರುವುದೇ ಇದಕ್ಕೆ ಕಾರಣ. ಆದರೆ ಇಷ್ಟರಿಂದಲೇ ಚೈನ್ ಮುಗಿಯಿತೆಂದು ತೀರ್ಪು ಕೊಡುವುದು ಆತುರವಾಗುತ್ತದೆ. ಎಣ್ಣೆಯ ಫಿಲ್ಟರಿನೊಳಗೆ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ಒಂದು ರಬ್ಬರಿನ ಪರದೆ ಇರುತ್ತದೆ; ಅಗ್ಗದ ಫಿಲ್ಟರಿನಲ್ಲಿ ಆ ಪರದೆ ಕೆಟ್ಟಿದ್ದರೂ ಇದೇ ಸದ್ದು ಬರುತ್ತದೆ, ತಪ್ಪು ದರ್ಜೆಯ ಎಣ್ಣೆ ಹಾಕಿದ್ದರೂ ಬರುತ್ತದೆ. ಆದ್ದರಿಂದ ಮೊದಲು ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನೂ ನಂಬಿಗಸ್ತ ಫಿಲ್ಟರನ್ನೂ ಹಾಕಿಸಿ, ಕೆಲವು ನೂರು ಕಿ.ಮೀ. ಓಡಿಸಿ, ಮತ್ತೊಂದು ಬೆಳಗ್ಗೆ ಬಾನೆಟ್ ತೆರೆದು ಕೇಳಬೇಕು. ಸದ್ದು ಹೋಗಿದ್ದರೆ ಆ ಪ್ರಕರಣ ಅಲ್ಲಿಗೆ ಮುಗಿಯಿತು.

ಹೋಗದಿದ್ದರೆ, ಅಥವಾ ಎಂಜಿನ್ ಕಾದ ಮೇಲೂ ನಿಂತ ಕಾರಿನಲ್ಲಿ ಸದ್ದು ಮುಂದುವರಿದಿದ್ದರೆ, ಅದು ಬೇರೆಯೇ ಮಾತು. ಆಗ ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಆಲ್ಟರ್ನೇಟರಿನ ಬೇರಿಂಗ್, ಹೊರಗಿನ ಬೆಲ್ಟಿನ ಪುಲ್ಲಿ, ಸೈಲೆನ್ಸರಿನ ಸಡಿಲ ತಗಡು ಇವೂ ಚೈನಿನ ವೇಷ ಹಾಕುತ್ತವೆ. ನುರಿತ ಮೆಕ್ಯಾನಿಕ್ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಬೇರೆ ಬೇರೆ ಕಡೆ ಇಟ್ಟು ಹಿಡಿಯನ್ನು ಕಿವಿಗೆ ಹಚ್ಚಿ ಕೇಳುವುದು ಹಳೆಯ ಕ್ರಮ, ಮತ್ತು ಒಳ್ಳೆಯ ಕ್ರಮ: ಚೈನಿನ ಮುಚ್ಚಳದ ಮೇಲೆ ಸದ್ದು ಗಟ್ಟಿಯಾಗಿ, ಉಳಿದೆಡೆ ಮಂದವಾಗಿ ಕೇಳಿದರೆ ಅನುಮಾನ ಬಲವಾಗುತ್ತದೆ. ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಕಾರುಗಳಲ್ಲಿ ಇನ್ನೊಂದು ಸಾಕ್ಷಿ ಸಿಗುತ್ತದೆ. ಕ್ರ್ಯಾಂಕ್ ಮತ್ತು ಕ್ಯಾಮ್ ದಂಡಗಳ ಪಕ್ಕದಲ್ಲಿ ಒಂದೊಂದು ಸೆನ್ಸರ್ ಇದ್ದು, ಎರಡರ ಸ್ಥಾನವನ್ನು ಕಂಪ್ಯೂಟರ್ ಸದಾ ಹೋಲಿಸುತ್ತಿರುತ್ತದೆ. ವ್ಯತ್ಯಾಸ ಮಿತಿ ಮೀರಿದರೆ ಎಂಜಿನ್ ದೀಪ ಹೊತ್ತಿಕೊಂಡು, ಸ್ಕ್ಯಾನರಿನಲ್ಲಿ ಪಿ-0016 ಅಥವಾ ಅದರ ಬಳಗದ ಸಂಕೇತ ಕಾಣಿಸುತ್ತದೆ. ಈ ಸಂಕೇತ ಸೆನ್ಸರ್ ಅಥವಾ ಅದರ ತಂತಿ ಕೆಟ್ಟಾಗಲೂ ಬರಬಹುದಾದುದರಿಂದ ಮೊದಲು ಅವನ್ನು ನೋಡಬೇಕು. ಅವು ಸರಿಯಿದ್ದು ಸದ್ದೂ ಇದ್ದರೆ ಮತ್ತೆ ವಿಚಾರಿಸುವಂಥದ್ದು ಏನೂ ಉಳಿಯುವುದಿಲ್ಲ.

ಕೊನೆಯ ಸಾಕ್ಷಿ ಕಣ್ಣಿನದು. ಎಣ್ಣೆ ಬದಲಿಸುವಾಗ ಹಳೆಯ ಎಣ್ಣೆಯನ್ನು ಅಗಲವಾದ ಬಟ್ಟಲಿಗೆ ಇಳಿಸಿ ಬೆಳಕಿನಲ್ಲಿ ನೋಡಿದರೆ, ಕಂದು ಅಥವಾ ಕಪ್ಪು ಪ್ಲಾಸ್ಟಿಕ್ಕಿನ ಚೂರುಗಳು ಕಂಡಲ್ಲಿ ಗೈಡ್ ಪಟ್ಟಿಗಳು ಒಡೆಯುತ್ತಿವೆ ಎಂದರ್ಥ. ಹೊಳೆಯುವ ಲೋಹದ ಪುಡಿ ಕಂಡಲ್ಲಿ ಸವಕಳಿ ಮುಂದುವರಿದಿದೆ ಎಂದರ್ಥ. ಪ್ಲಾಸ್ಟಿಕ್ಕಿಗೆ ಕಿಲೋಮೀಟರಿಗಿಂತ ಕಾವು ಮತ್ತು ವಯಸ್ಸು ದೊಡ್ಡ ಶತ್ರುಗಳು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಬಯಲಿನಲ್ಲಿ ಕಡಿಮೆ ಓಡಿದ ಹಳೆಯ ಕಾರಿನ ಗೈಡ್‌ಗಳೂ ಪೆಡಸಾಗಬಹುದು. ಹಲವು ಎಂಜಿನ್‌ಗಳಲ್ಲಿ ಟೆನ್ಷನರನ್ನು ಬಿಚ್ಚಿ ಅದರ ಕಡ್ಡಿ ಎಷ್ಟು ಹೊರಚಾಚಿದೆ ಎಂದು ಅಳೆಯಬಹುದು. ಕಡ್ಡಿ ತನ್ನ ಕೊನೆಯ ಹಲ್ಲಿನವರೆಗೆ ಬಂದಿದ್ದರೆ, ಹಿಗ್ಗಿದ ಚೈನನ್ನು ಬಿಗಿಹಿಡಿಯಲು ಅದರ ಬಳಿ ಇನ್ನು ಜಾಗವೇ ಉಳಿದಿಲ್ಲ.

ಈ ಸಾಕ್ಷಿಗಳು ಸಿಕ್ಕ ಮೇಲೆ ಹೊತ್ತನ್ನು ನಿಶ್ಚಯಿಸುವ ಪಾಠವನ್ನು ಸಕ್ಕರೆ ಕಾರ್ಖಾನೆಗಳಿಂದಲೇ ಕಲಿಯಬಹುದು. ಕಬ್ಬನ್ನು ಗಾಣದತ್ತ ಸಾಗಿಸುವ ಕ್ಯಾರಿಯರ್ ದಪ್ಪ ಉಕ್ಕಿನ ಚೈನುಗಳ ಮೇಲೆಯೇ ನಡೆಯುತ್ತದೆ. ಹಂಗಾಮು ಮುಗಿದು ಗಾಣ ನಿಂತ ತಿಂಗಳುಗಳಲ್ಲಿ ಆ ಚೈನುಗಳನ್ನು ಪರೀಕ್ಷಿಸಿ, ಪಿನ್ನು ಬುಷ್‌ಗಳ ಸವಕಳಿಯನ್ನು ನೋಡಿ, ಮುಂದಿನ ಹಂಗಾಮನ್ನು ತಾಳಲಾರದವನ್ನು ಇನ್ನೂ ಕಡಿಯದಿದ್ದರೂ ತೆಗೆದುಹಾಕುತ್ತಾರೆ, ಏಕೆಂದರೆ ಜನವರಿಯಲ್ಲಿ ಚೈನ್ ಕಡಿದರೆ ಅಂಗಳದಲ್ಲಿ ಕಬ್ಬು ಒಣಗುತ್ತ ನಿಲ್ಲುತ್ತದೆ. ‘ಇವತ್ತು ನಡೆಯುತ್ತಿದೆಯೇ’ ಎಂಬುದು ಅಲ್ಲಿನ ಪ್ರಶ್ನೆಯಲ್ಲ, ‘ಮುಂದಿನ ಬಿಡುವಿನವರೆಗೆ ನಡೆಯುತ್ತದೆಯೇ’ ಎಂಬುದು ಪ್ರಶ್ನೆ. ಕಾರಿನ ಮಾಲೀಕನೂ ಕೇಳಿಕೊಳ್ಳಬೇಕಾದುದು ಇದನ್ನೇ. ಬೆಳಗಿನ ಒಂದೆರಡು ಸೆಕೆಂಡಿನ ಸದ್ದು ಮಾತ್ರ ಇದ್ದು ಉಳಿದ ಸಾಕ್ಷಿಗಳಿಲ್ಲದಿದ್ದರೆ, ಮಳೆಗಾಲದ ಕೆಲಸ ಕಡಿಮೆಯಿರುವ ವಾರವೊಂದನ್ನು ಗೊತ್ತುಮಾಡಿಕೊಂಡು ಭಾಗಗಳನ್ನು ಮೊದಲೇ ತರಿಸಿಟ್ಟುಕೊಳ್ಳಲು ವ್ಯವಧಾನವಿದೆ. ಕಾದ ಎಂಜಿನ್ನಿನಲ್ಲಿಯೂ ಸದ್ದಿದ್ದರೆ, ಸಂಕೇತ ಬಂದಿದ್ದರೆ, ಚೂರುಗಳು ಕಂಡಿದ್ದರೆ ವ್ಯವಧಾನವಿಲ್ಲ. ಆ ಕಾರಿನಲ್ಲಿ ಮದುವೆಗೆ, ಜಾತ್ರೆಗೆ, ಆಸ್ಪತ್ರೆಗೆ ದೂರ ಹೋಗಬಾರದು. ಬೀಳಗಿಯ ಕಡೆಯ ಹಳ್ಳಿಗಳಿಂದ ರಾತ್ರಿ ರೋಗಿಯನ್ನು ಕೂರಿಸಿಕೊಂಡು ಬಾಗಲಕೋಟೆಗೆ ಹೊರಡುವ ಏಕೈಕ ಕಾರು ಆ ಮನೆಯದೋ ಆ ಓಣಿಯದೋ ಆಗಿದ್ದಾಗ, ಚೈನಿನ ಪ್ರಶ್ನೆ ಬರೀ ಹಣದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಬದಲಿಸುವುದೆಂದು ನಿಶ್ಚಯವಾದ ಮೇಲೆ ಅರ್ಧ ಕೆಲಸ ಮಾಡಿಸುವುದು ದೊಡ್ಡ ತಪ್ಪು. ಈ ದುರಸ್ತಿಯಲ್ಲಿ ಹೆಚ್ಚಿನ ಶ್ರಮ ಹೋಗುವುದು ಮುಚ್ಚಳವನ್ನು ತಲುಪುವುದಕ್ಕೆ. ಹಲವು ಕಾರುಗಳಲ್ಲಿ ಎಂಜಿನ್ನನ್ನು ಜಾಕಿನ ಮೇಲೆ ನಿಲ್ಲಿಸಿ ಒಂದು ಬದಿಯ ಮೌಂಟಿಂಗ್ ತೆಗೆದು, ಕೆಳಗಿನ ಎಣ್ಣೆಯ ತಟ್ಟೆಯನ್ನೂ ಬಿಚ್ಚಬೇಕಾಗುತ್ತದೆ. ಅಷ್ಟೆಲ್ಲ ಮಾಡಿ ಚೈನೊಂದನ್ನೇ ಹೊಸದು ಹಾಕಿ, ಸವೆದು ಕೊಕ್ಕೆಯಾದ ಹಳೆಯ ಹಲ್ಲುಚಕ್ರಗಳ ಮೇಲೆ ಕೂರಿಸಿದರೆ ಹೊಸ ಚೈನ್ ಬೇಗ ಹಾಳಾಗುತ್ತದೆ. ಇದು ಸೈಕಲ್ಲಿನ ಚೈನ್ ಬದಲಿಸಿದ ಪ್ರತಿಯೊಬ್ಬರಿಗೂ ಗೊತ್ತಿರುವ ಸತ್ಯ. ಚೈನ್, ಟೆನ್ಷನರ್, ಗೈಡ್‌ಗಳು, ಚಕ್ರಗಳು, ಮುಂಭಾಗದ ಆಯಿಲ್ ಸೀಲ್ ಇವಿಷ್ಟೂ ಒಟ್ಟಿಗೆ ಹೊಸದಾಗಬೇಕು. ತಯಾರಕರು ಒಮ್ಮೆ ಮಾತ್ರ ಬಳಸಲು ಹೇಳಿರುವ ಬೋಲ್ಟುಗಳನ್ನು ಮರಳಿ ಹಾಕಬಾರದು. ಜೋಡಣೆಯ ಹೊತ್ತಿನಲ್ಲಿ ಎರಡೂ ದಂಡಗಳನ್ನು ಅಲುಗದಂತೆ ಹಿಡಿಯುವ ಲಾಕಿಂಗ್ ಪಿನ್‌ಗಳು ಆ ಗ್ಯಾರೇಜಿನಲ್ಲಿವೆಯೇ, ಆ ಮಾದರಿಯ ಎಂಜಿನ್ನನ್ನು ಅವರು ಹಿಂದೆ ಬಿಚ್ಚಿದ್ದಾರೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಕಾಗಿಲ್ಲ. ಬಣ್ಣದ ಗುರುತು ಹಾಕಿಕೊಂಡು ಅಂದಾಜಿನಲ್ಲಿ ಕೂರಿಸುವ ರೂಢಿ ಹಳೆಯ ಅಂಬಾಸಿಡರಿಗೆ ನಡೆದಿರಬಹುದು, ಇಂದಿನ ಎಂಜಿನ್‌ಗಳಿಗೆ ಅದು ಅಪಾಯಕಾರಿ. ಬೇಕಾದ ಭಾಗಗಳು ತಾಲ್ಲೂಕಿನ ಊರಿನಲ್ಲಿ ಸಿಗದಿದ್ದರೆ ವಿಜಯಪುರ, ಬೆಳಗಾವಿ ಅಥವಾ ಹುಬ್ಬಳ್ಳಿಯಿಂದ ತರಿಸಲು ಎರಡು ದಿನ ಹೆಚ್ಚು ಕಾಯುವುದು, ಹೆಸರಿಲ್ಲದ ಡಬ್ಬಿಯ ಚೈನನ್ನು ಅಂದೇ ಹಾಕಿಸುವುದಕ್ಕಿಂತ ಎಷ್ಟೋ ಮೇಲು.

ಕಾರಿನ ಬೆಲೆಯೇ ಇಳಿದಿರುವಾಗ ಇಷ್ಟು ಖರ್ಚು ಮಾಡಬೇಕೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಎಂಜಿನ್ ನೀಲಿ ಹೊಗೆ ಬಿಡುತ್ತಿದ್ದರೆ, ಎಣ್ಣೆಯನ್ನು ಲೀಟರ್‌ಗಟ್ಟಲೆ ಕುಡಿಯುತ್ತಿದ್ದರೆ, ಸಿಲಿಂಡರುಗಳ ಒತ್ತಡ ಅಳೆದಾಗ ಕುಸಿದಿರುವುದು ಕಂಡರೆ, ಚೈನ್ ಬದಲಿಸುವುದು ಕುಸಿಯುವ ಗೋಡೆಗೆ ಸುಣ್ಣ ಬಳಿದಂತಾಗುತ್ತದೆ. ಆ ಹಣವನ್ನು ಎಂಜಿನ್ನಿನ ಪೂರ್ಣ ದುರಸ್ತಿಗೋ ಬೇರೆ ಕಾರಿಗೋ ಕೂಡಿಡುವುದು ಲೇಸು. ಸಿಲಿಂಡರುಗಳು ಗಟ್ಟಿಯಿದ್ದು, ಮೈ ತುಕ್ಕು ಹಿಡಿಯದೆ, ನೋಂದಣಿಯ ನವೀಕರಣಕ್ಕೆ ಇನ್ನೂ ಮೂರು ನಾಲ್ಕು ವರ್ಷವಿರುವ ಕಾರಿಗಾದರೆ ಈ ಖರ್ಚು ಖಂಡಿತ ಒಪ್ಪುತ್ತದೆ, ಏಕೆಂದರೆ ಚೈನ್ ಕಡಿದ ಮೇಲಿನ ಹೆಡ್ಡಿನ ಕೆಲಸ ಇದರ ಹಲವು ಪಟ್ಟು ತಿನ್ನುತ್ತದೆ. ಕೈಬದಲಾದ ಕಾರನ್ನು ಕೊಳ್ಳುವವರು ಮಾರುವವನ ಅಂಗಳಕ್ಕೆ ಬೆಳಗ್ಗೆ ಬೇಗ, ಎಂಜಿನ್ ತಣ್ಣಗಿರುವಾಗಲೇ ಹೋಗಿ ಮೊದಲ ಚಾಲನೆಯನ್ನು ತಾವೇ ಕೇಳಬೇಕು. ಮೊದಲೇ ಕಾಯಿಸಿ ನಿಲ್ಲಿಸಿದ ಕಾರು ತನ್ನ ಚೈನಿನ ಕಥೆಯನ್ನು ಮುಚ್ಚಿಟ್ಟಿರಬಹುದು.

ಒಂದು ವೇಳೆ ಓಡುವಾಗಲೇ ಎಂಜಿನ್ ತಟ್ಟನೆ ನಿಂತು, ಮತ್ತೆ ಚಾವಿ ತಿರುಗಿಸಿದಾಗ ಎಂದಿನ ತಡೆಯಿಲ್ಲದೆ ಹಗುರಾಗಿ ಗಿರ್ರನೆ ತಿರುಗಿದರೆ, ಚೈನ್ ಕಡಿದಿರುವ ಅಥವಾ ಜಿಗಿದಿರುವ ಸಂಭವವಿದೆ. ಆಗ ಮತ್ತೆ ಮತ್ತೆ ಚಾಲೂ ಮಾಡಲು ಯತ್ನಿಸಬಾರದು, ತಳ್ಳಿಸಿ ಗೇರಿಗೆ ಹಾಕಬಾರದು. ಪ್ರತಿಯೊಂದು ಯತ್ನವೂ ಇನ್ನೊಂದು ವಾಲ್ವನ್ನು ಬಾಗಿಸಬಹುದು. ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಬೇರೆ ವಾಹನಕ್ಕೆ ಕಟ್ಟಿ ಗ್ಯಾರೇಜಿಗೆ ಎಳೆಸಿಕೊಂಡು ಹೋಗಬೇಕು, ಮತ್ತು ಹೆಡ್ ಬಿಚ್ಚಿ ನೋಡುವವರೆಗೆ ಯಾವ ಅಂದಾಜು ಪಟ್ಟಿಗೂ ಒಪ್ಪಿಗೆ ಕೊಡಬಾರದು.